ನಾಲ್ಕು ತಂತಿಯ ವಾದ್ಯವೂ ಒಂದು ಸ್ಕ್ರೂಡ್ರೈವರೂ

ನಮ್ಮ ಮನೆಗಳಲ್ಲಿ ಸೌಟು ಯಾರ ಕೈಯಲ್ಲಿರಬೇಕು, ಸ್ಕ್ರೂಡ್ರೈವರ್ ಯಾರ ಕೈಯಲ್ಲಿರಬೇಕು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಆದರೂ ಎಲ್ಲರಿಗೂ ಗೊತ್ತು. ಮಿಕ್ಸಿ ನಿಂತರೆ, ಇಸ್ತ್ರಿಪೆಟ್ಟಿಗೆ ಬಿಸಿಯಾಗದಿದ್ದರೆ, "ಅವರು ಬರಲಿ, ನೋಡ್ತಾರೆ" ಎಂದು ಬದಿಗಿಡುತ್ತೇವೆ. ಅವರು ನೋಡುವುದೂ ಇಲ್ಲ, ನಾವು ಬಿಚ್ಚುವುದೂ ಇಲ್ಲ. ವಸ್ತು ಅಟ್ಟ ಸೇರುತ್ತದೆ. ಹೊಲಿಗೆ ಯಂತ್ರದ ಬಾಬಿನ್ ಕೇಸು ತೆಗೆದು, ಎಣ್ಣೆ ಬಿಟ್ಟು, ನೂಲಿನ ಬಿಗಿ ಸರಿಮಾಡಬಲ್ಲ ಹೆಂಗಸೇ ಎರಡು ವೈರು ಕಂಡರೆ "ಅಯ್ಯೋ, ಕರೆಂಟಿನ ವಿಷಯ" ಎಂದು ಹಿಂದೆ ಸರಿಯುತ್ತಾಳೆ. ವಸ್ತುವನ್ನು ಬಿಚ್ಚಿನೋಡುವ ಈ ಹಕ್ಕಿನ ಬಗ್ಗೆ ನಾನು ಯೋಚಿಸುವಂತೆ ಮಾಡಿದ್ದು ಒಂದು ವಾದ್ಯದ ಚರಿತ್ರೆ. ವಾದ್ಯ ನಮ್ಮ ನೆಲದ್ದಲ್ಲ, ಅಮೆರಿಕದ್ದು. ಹೆಸರು ಬೇಸ್ ಗಿಟಾರ್.

ಸಾಮಾನ್ಯ ಗಿಟಾರಿಗೆ ಆರು ತಂತಿ; ಇದಕ್ಕೆ ಹೆಚ್ಚಾಗಿ ನಾಲ್ಕೇ. ಆದರೆ ಒಂದೊಂದೂ ದಪ್ಪ, ಉದ್ದ. ಹಾಡಿನಲ್ಲಿ ಮುಂದೆ ನಿಂತು ಮೆರೆಯುವ ವಾದ್ಯ ಇದಲ್ಲ. ತಬಲೆ, ಡ್ರಮ್ಮುಗಳ ಜೊತೆ ಸೇರಿ ಕೆಳಗಿನಿಂದ ಹಾಡನ್ನು ಹೊತ್ತು ನಿಲ್ಲುತ್ತದೆ. ಇದರ ಅತ್ಯಂತ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ. ಆ ದನಿ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಇದ್ದಾಗ ಯಾರೂ ಗಮನಿಸುವುದಿಲ್ಲ, ಇಲ್ಲದಾಗ ಹಾಡು ಉಪ್ಪಿಲ್ಲದ ಸಾರು. ಮನೆಯೊಳಗೆ ಕೆಲವರ ದುಡಿಮೆಯೂ ಹೀಗೆಯೇ ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಈ ಕೆಲಸ ಮಾಡುತ್ತಿದ್ದುದು ಡಬಲ್ ಬೇಸ್, ಅಂದರೆ ಆಳೆತ್ತರದ ಪಿಟೀಲು. ಅದನ್ನು ಹೆಚ್ಚಾಗಿ ನಿಂತು ನುಡಿಸುತ್ತಾರೆ. ಊರಿಂದೂರಿಗೆ ಸಾಗಿಸುವುದು ಬೀರು ಸಾಗಿಸಿದಷ್ಟೇ ಕಷ್ಟ. ಇಷ್ಟಾಗಿಯೂ ಡ್ರಮ್ಮು, ತುತ್ತೂರಿಗಳ ಗಲಾಟೆಯಲ್ಲಿ ಅದರ ದನಿ ಮುಳುಗಿಹೋಗುತ್ತಿತ್ತು. ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬಾತ 1930ರ ದಶಕದಲ್ಲೇ ಮಡಿಲಲ್ಲಿಟ್ಟು ನುಡಿಸಬಹುದಾದ ವಿದ್ಯುತ್ ಬೇಸೊಂದನ್ನು ಮಾಡಿದ್ದ. ಅದು ಹೆಚ್ಚು ಹರಡಲಿಲ್ಲ. ಹರಡಿದ್ದು 1951ರಲ್ಲಿ, ಲಿಯೋ ಫೆಂಡರ್ ಮಾಡಿದ 'ಪ್ರಿಸಿಷನ್ ಬೇಸ್'.

ಈ ಲಿಯೋ ಫೆಂಡರ್ (1909–1991) ಸಂಗೀತಗಾರನಲ್ಲ. ಗಿಟಾರ್ ನುಡಿಸಲು ಆತನಿಗೆ ಬರುತ್ತಿರಲಿಲ್ಲ. ಓದಿದ್ದು ಲೆಕ್ಕಪತ್ರ. ಆರ್ಥಿಕ ಕುಸಿತದ ಕಾಲದಲ್ಲಿ ಗುಮಾಸ್ತೆಯ ಕೆಲಸ ಹೋದ ಮೇಲೆ, 1938ರಲ್ಲಿ, ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳ ಸೀಮೆಯಲ್ಲಿದ್ದ ಫುಲ್ಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ. ಗಿಟಾರ್ ನುಡಿಸುವವರು ತಮ್ಮ ಕೆಟ್ಟ ಆಂಪ್ಲಿಫೈಯರುಗಳನ್ನು ಹೊತ್ತು ಅಲ್ಲಿಗೆ ಬರುತ್ತಿದ್ದರು. ಯಾವ ವಸ್ತು ಎಲ್ಲಿ ಮುರಿಯುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂಬುದನ್ನು ಆತ ಕಲಿತದ್ದು ಹೀಗೆ, ರಿಪೇರಿಯಿಂದ.

ನನಗೆ ಆತನ ಮೇಲೆ ಅಭಿಮಾನ ಹುಟ್ಟಲು ಕಾರಣ ನಮ್ಮ ಚಿಕ್ಕಪ್ಪ. ಅವರದೂ ನಮ್ಮೂರ ಪೇಟೆಯಲ್ಲಿ ಅಂಥದೇ ರೇಡಿಯೋ ಅಂಗಡಿ. ಶಾಲೆ ಬಿಟ್ಟ ಮೇಲೆ ಅಲ್ಲಿ ಕುಳಿತು ಸಾಲ್ಡರ್ ತಂತಿಯ ಸುರುಳಿ ಹಿಡಿದುಕೊಳ್ಳುವುದು ನನ್ನ ಕೆಲಸ. ಕಾದ ರಾಳದ ವಾಸನೆ ಇಂದಿಗೂ ನನಗೆ ಅಗರಬತ್ತಿಯಷ್ಟೇ ಪ್ರಿಯ. ಕೆಲವು ರೇಡಿಯೋಗಳನ್ನು ಬಿಚ್ಚಿದಾಗ ಚಿಕ್ಕಪ್ಪ ಗೊಣಗುತ್ತಿದ್ದರು: "ನೋಡಮ್ಮಾ, ಇದನ್ನ ಮಾಡಿದೋನು ಒಂದು ದಿನವೂ ರಿಪೇರಿ ಮಾಡಿದೋನಲ್ಲ. ಬೆರಳು ಹೋಗೋಕೆ ಜಾಗ ಬಿಟ್ಟಿಲ್ಲ."

ಫೆಂಡರ್ ಜಾಗ ಬಿಟ್ಟಿದ್ದ. ವಾದ್ಯದ ಒಡಲು ಗಟ್ಟಿ ಮರದ ಹಲಗೆ. ಉದ್ದನೆಯ ಕತ್ತನ್ನು ಅಂಟು ಹಾಕಿ ಕೂಡಿಸದೆ, ಹಿಂದಿನಿಂದ ನಾಲ್ಕು ಸ್ಕ್ರೂ ಹಾಕಿ ಬಿಗಿದ. ಕತ್ತು ಕೆಟ್ಟರೆ ಬಿಚ್ಚಿ ಇನ್ನೊಂದು ಹಾಕಬಹುದು. ಕುತ್ತಿಗೆಯ ಮೇಲೆ ಲೋಹದ ಅಡ್ಡಪಟ್ಟಿಗಳನ್ನು ಕೂರಿಸಿದ್ದರಿಂದ ಸ್ವರ ನಿಖರವಾಗಿ ಬರುತ್ತಿತ್ತು. 'ಪ್ರಿಸಿಷನ್' ಎಂಬ ಹೆಸರು ಬಂದದ್ದು ಅದಕ್ಕೇ. ಮೀಟುವ ತಂತಿಯ ಉದ್ದ 34 ಅಂಗುಲ. ಇಂದಿಗೂ ಬಹುಪಾಲು ಬೇಸ್‌ಗಳಿಗೆ ಅದೇ ಅಳತೆ. ನಮ್ಮ ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುತ್ತವೆ. ಅವು ಕದಲಿದರೆ ಮೇಳ ಕಟ್ಟಬಲ್ಲ ಕುಶಲಿಯೇ ಬರಬೇಕು, ಆ ವಿದ್ಯೆ ಗುರುಮುಖದಿಂದಲೇ ಬರಬೇಕು. ಅದರ ಘನತೆ ಅದಕ್ಕೆ. ಆದರೆ ಫೆಂಡರನ ವಾದ್ಯವನ್ನು ಸ್ಕ್ರೂಡ್ರೈವರ್ ಇದ್ದವರೆಲ್ಲ ಬಿಚ್ಚಬಹುದು.

ಬಿಚ್ಚಿದರೆ ಒಳಗೇನಿದೆ? ತಂತಿಗಳ ಕೆಳಗೆ ಪಿಕಪ್ ಎಂಬ ಪುಟ್ಟ ಪೆಟ್ಟಿಗೆ. ಅದರಲ್ಲಿ ಅಯಸ್ಕಾಂತದ ಕಡ್ಡಿಗಳು. ಅವುಗಳ ಸುತ್ತ ತಲೆಗೂದಲಿನಷ್ಟು ತೆಳ್ಳನೆಯ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಮಿಡಿದಾಗ ಅಯಸ್ಕಾಂತದ ಬಲ ಅಲುಗಿ, ತಾಮ್ರದ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ ಹುಟ್ಟುತ್ತದೆ. ಅಲ್ಲಿಂದ ದನಿ ಹೆಚ್ಚು ಕಡಿಮೆ ಮಾಡುವ ವಾಲ್ಯೂಮ್ ಕಂಟ್ರೋಲ್, ಅದರ ಮೊನಚು ತಗ್ಗಿಸುವ ಟೋನ್ ಕಂಟ್ರೋಲ್ ಮತ್ತು ಒಂದು ಕಂಡೆನ್ಸರ್, ಕೊನೆಗೆ ಕೇಬಲ್ ಸಿಕ್ಕಿಸುವ ಜಾಕ್. ಅಷ್ಟೇ. ಚಿಕ್ಕಪ್ಪನ ಅಂಗಡಿಯ ಅತಿ ಅಗ್ಗದ ಟ್ರಾನ್ಸಿಸ್ಟರಿನಲ್ಲೂ ಇದಕ್ಕಿಂತ ಹೆಚ್ಚು ಸಾಮಾನು ಇರುತ್ತಿತ್ತು. 1957ರಲ್ಲಿ ಫೆಂಡರ್ ಈ ಪಿಕಪ್ಪನ್ನು ಎರಡು ತುಂಡು ಮಾಡಿ, ಎರಡೆರಡು ತಂತಿಗೆ ಒಂದೊಂದರಂತೆ ಇಟ್ಟ. ಎರಡೂ ಸುರುಳಿಗಳು ಹೊರಗಿನಿಂದ ಬರುವ 'ಗುಂಯ್' ಸದ್ದನ್ನು ಒಂದಕ್ಕೊಂದು ವಿರುದ್ಧವಾಗಿ ಹಿಡಿಯುವುದರಿಂದ ಆ ಸದ್ದು ತನಗೆ ತಾನೇ ಅಳಿಸಿಹೋಗುತ್ತದೆ.

ಆ ಸುರುಳಿಗಳನ್ನು ಸುತ್ತಿದವರು ಯಾರು? ಕಾರ್ಖಾನೆಗೆ ಫೆಂಡರನ ಹೆಸರು, ವಾದ್ಯದ ತಲೆಯ ಮೇಲೂ ಅದೇ ಹೆಸರು. ಆದರೆ 1950ರ ದಶಕದ ಫೆಂಡರ್ ವಾದ್ಯಗಳನ್ನು ಬಿಚ್ಚಿದವರಿಗೆ ಕೆಲವದರ ಒಳಗೆ ಕಾಗದದ ಅಂಟುಪಟ್ಟಿಯೊಂದು ಕಂಡಿತು. ಅದರ ಮೇಲೆ ಕೈಬರಹದಲ್ಲಿ ಒಂದು ಹೆಸರು, ತಾರೀಖು. ಒಂದರಲ್ಲಿ ಮೇರಿ, ಇನ್ನೊಂದರಲ್ಲಿ ಗ್ಲೋರಿಯಾ. ಒಳಗಿನ ಜೋಡಣೆ ಮಾಡಿದ ಹೆಣ್ಣುಮಕ್ಕಳ ಹೆಸರುಗಳವು.

ಅವರ ಸಾಲಿನಲ್ಲೇ ಅಬಿಗೇಲ್ ಇಬಾರಾ ಎಂಬಾಕೆ 1956ರಲ್ಲಿ ಕೆಲಸಕ್ಕೆ ಸೇರಿದರು. ಯಂತ್ರ ತಿರುಗುತ್ತದೆ, ತಂತಿಯನ್ನು ಮಾತ್ರ ಬೆರಳಲ್ಲಿ ಹಿಡಿದು ಅತ್ತಿತ್ತ ನಡೆಸಬೇಕು. ಬಿಗಿ ಹೆಚ್ಚಾದರೆ ಕಡಿಯುತ್ತದೆ, ಸಡಿಲವಾದರೆ ಪಿಕಪ್ಪು ಕೀರಲು ಸದ್ದು ಮಾಡುತ್ತದೆ. ಹೂಬತ್ತಿ ಹೊಸೆಯುವವರಿಗೆ, ಮಲ್ಲಿಗೆ ಕಟ್ಟುವವರಿಗೆ ಈ ಹದ ಏನೆಂದು ಗೊತ್ತು. ಪುಸ್ತಕದಲ್ಲಿ ಬರೆಯಲಾಗದ, ಬೆರಳಿಗೆ ಮಾತ್ರ ಗೊತ್ತಿರುವ ಲೆಕ್ಕ ಅದು. ಇಬಾರಾ ನಿವೃತ್ತರಾದದ್ದು 2013ರಲ್ಲಿ. ಅಷ್ಟರಲ್ಲಿ ಅವರ ಹೆಸರಿನ ಎರಡು ಮೊದಲಕ್ಷರಗಳಿರುವ ಪಿಕಪ್ಪುಗಳನ್ನು ವಾದಕರು ಹುಡುಕಿಕೊಂಡು ಹೋಗಿ ಕೊಳ್ಳುತ್ತಿದ್ದರು. ಅವರಿಂದ ಕೆಲಸ ಕಲಿತ ಜೋಸೆಫಿನಾ ಕ್ಯಾಂಪೋಸ್ ಅದನ್ನು ಮುಂದುವರಿಸಿದರು. ಗುರುಪರಂಪರೆ ಎಂದರೆ ಇದೂ ಹೌದಲ್ಲವೇ?

ಒಳಗೆ ಹೀಗಾದರೆ, ಹೊರಗೆ ನುಡಿಸುವಲ್ಲೂ ಒಬ್ಬ ಹೆಣ್ಣುಮಗಳಿದ್ದಾರೆ. ಕ್ಯಾರಲ್ ಕೇ, ಹುಟ್ಟಿದ್ದು 1935ರಲ್ಲಿ. ಬಡತನದ ಮನೆ, ಹದಿನಾಲ್ಕರ ವಯಸ್ಸಿಗೇ ಗಿಟಾರ್ ಪಾಠ ಹೇಳಿ ಸಂಪಾದಿಸತೊಡಗಿದವರು. 1963ರಲ್ಲಿ ಹಾಲಿವುಡ್ಡಿನ ಸ್ಟುಡಿಯೋ ಒಂದಕ್ಕೆ ಬೇಸ್ ನುಡಿಸುವವನು ಬರಲಿಲ್ಲ. ಅಲ್ಲಿದ್ದ ಇವರು ಫೆಂಡರ್ ಬೇಸನ್ನು ಕೈಗೆತ್ತಿಕೊಂಡರು, ಮತ್ತೆ ಕೆಳಗಿಡಲಿಲ್ಲ. ಬೀಚ್ ಬಾಯ್ಸ್ ತಂಡದ 1966ರ 'ಪೆಟ್ ಸೌಂಡ್ಸ್' ಸೇರಿದಂತೆ ಸಾವಿರಾರು ಧ್ವನಿಮುದ್ರಣಗಳಲ್ಲಿ ನುಡಿಸಿದರು. ಮಕ್ಕಳನ್ನು ಸಾಕಿದ್ದು ಆ ಸಂಪಾದನೆಯಲ್ಲೇ. ಆ ದಿನಗಳಲ್ಲಿ ರೆಕಾರ್ಡಿನ ಹೊದಿಕೆಯ ಮೇಲೆ ಇಂಥ ವಾದಕರ ಹೆಸರು ಹಾಕುವ ರೂಢಿಯೇ ಇರಲಿಲ್ಲ. 2025ರಲ್ಲಿ ಅಮೆರಿಕದ ರಾಕ್ ಸಂಗೀತದ ದೊಡ್ಡ ಗೌರವವೊಂದು ಅವರಿಗೆ ಘೋಷಣೆಯಾಯಿತು. ಸ್ಟುಡಿಯೋ ವಾದಕರು ಮಾಡಿದ ಕೆಲಸವನ್ನು ಅದು ಬಿಂಬಿಸುವುದಿಲ್ಲ ಎಂದು ಹೇಳಿ, ತೊಂಬತ್ತರ ಆ ತಾಯಿ ಬೇಡವೆಂದರು.

ಇದೆಲ್ಲ ನನ್ನ ತಲೆಗೆ ಬಂದದ್ದು ನನ್ನ ತಂಗಿಯ ಮಗಳಿಂದ. ಬೆಂಗಳೂರಿನಲ್ಲಿ ಓದುತ್ತಿರುವ ಹುಡುಗಿ, ಮಕ್ಕಳಿಗೆ ಪಾಠ ಹೇಳಿ ಉಳಿಸಿದ ಹಣದಲ್ಲಿ ಹಳೆಯ ಬೇಸೊಂದನ್ನು ಕೊಂಡಿದ್ದಳು. ಎರಡು ತಿಂಗಳಿಗೆ ಅದು ಕರಕರ ಎನ್ನತೊಡಗಿ, ನಡುನಡುವೆ ದನಿಯೇ ನಿಲ್ಲುತ್ತಿತ್ತು. ತೋರಿಸಿದ ಅಂಗಡಿಯವರು, ಒಳಗಿನದೆಲ್ಲ ಬದಲಾಯಿಸಬೇಕೆಂದು, ಕೊಂಡ ಬೆಲೆಯ ಅರ್ಧದಷ್ಟು ಕೇಳಿದರು. "ಹೆಣ್ಣುಮಗಳಿಗೆ ಈ ಉಸಾಬರಿ ಯಾಕೆ, ಮಾರಿಬಿಡು" ಎಂದಳು ನನ್ನ ತಂಗಿ. ದಸರಾ ರಜೆಗೆ ಬಂದ ಹುಡುಗಿ, "ದೊಡ್ಡಮ್ಮಾ, ಮಾರೋಕೆ ಮುಂಚೆ ಒಂದು ಸಲ ಬಿಚ್ಚಿ ನೋಡೋಣವಾ?" ಎಂದಳು. ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿದೆವು.

ರಿಪೇರಿಗೆ ಒಂದು ಕ್ರಮವಿದೆ; ಹೊರಗಿನಿಂದ ಒಳಗೆ ಹೋಗಬೇಕು. ಮೊದಲು ಕೇಬಲ್ ಬದಲಾಯಿಸಿ ನೋಡಬೇಕು. ಕೇಬಲ್ಲಿನ ದೋಷಕ್ಕೆ ವಾದ್ಯದ ಹೊಟ್ಟೆ ಕೊಯ್ಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಎರಡನೆಯದು ಜಾಕ್: ಕೇಬಲ್ಲನ್ನು ಮೆಲ್ಲಗೆ ಅಲುಗಿಸಿದಾಗ ಸದ್ದು ಬಂದು ಹೋದರೆ ಕಳ್ಳ ಅಲ್ಲಿದ್ದಾನೆ. ಮೂರನೆಯದು ಗುಂಡಿಗಳು: ತಿರುಗಿಸುವಾಗ ಮಾತ್ರ ಕರಕರ ಎಂದರೆ ವಾಲ್ಯೂಮ್ ಕಂಟ್ರೋಲಿನೊಳಗೆ ಧೂಳು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಬಿಟ್ಟು ಹತ್ತಿಪ್ಪತ್ತು ಸಲ ತಿರುಗಿಸಿದರೆ ಸಾಕಾಗುವುದುಂಟು. ಗುಂಯ್ ಸದ್ದು ತಂತಿ ಮುಟ್ಟಿದರೂ ತಗ್ಗದೆ, ಜಾಕಿನ ಲೋಹ ಮುಟ್ಟಿದರೆ ಮಾತ್ರ ತಗ್ಗಿದರೆ, ತಂತಿ ಕಟ್ಟಿರುವ ಬ್ರಿಡ್ಜಿಗೆ ಹೋಗುವ ಅರ್ತ್ ವೈರು ಬಿಟ್ಟಿದೆ ಎಂದರ್ಥ.

ನಮ್ಮದು ಎರಡನೆಯ ಜಾತಿ. ಪ್ಲಾಸ್ಟಿಕ್ ಹೊದಿಕೆಯ ಸ್ಕ್ರೂಗಳನ್ನು ತೆಗೆದು ಎತ್ತಿದೆವು. ಏನನ್ನೂ ಮುಟ್ಟುವ ಮೊದಲು ಹುಡುಗಿ ಫೋನಿನಲ್ಲಿ ಫೋಟೋ ತೆಗೆದಳು. ಯಾವ ವೈರು ಎಲ್ಲಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಜಾಕಿನ ನಟ್ಟು ಸಡಿಲವಾಗಿ, ಕೇಬಲ್ ಸಿಕ್ಕಿಸಿದಾಗಲೆಲ್ಲ ಜಾಕು ತಿರುಗಿ ತಿರುಗಿ, ಒಂದು ವೈರು ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. 25 ವಾಟಿನ ಐರನ್ನು ಕಾಯಿಸಿ, ಹತ್ತು ನಿಮಿಷದಲ್ಲಿ ಬೆಸೆದೆವು. ಸಾಲ್ಡರನ್ನು ಕಾಯಿಸುವುದಲ್ಲ, ಬೆಸೆಯುವ ಜಾಗವನ್ನು ಕಾಯಿಸಬೇಕು. ಎಣ್ಣೆ ಕಾಯದೆ ಸಾಸಿವೆ ಹಾಕಿದರೆ ಸಿಡಿದೀತೇ? ಹದವಾಗಿ ಕೂತ ಬೆಸುಗೆ ನೀರಹನಿಯಂತೆ ಹೊಳೆಯುತ್ತದೆ. ಮಂಕಾಗಿ ಗಂಟುಗಂಟಾಗಿದ್ದರೆ ಮತ್ತೆ ಕೈಕೊಡುತ್ತದೆ. ಬೆಸೆಯುವಾಗ ಕಿಟಕಿ ತೆರೆದಿಡಿ; ಸಾಲ್ಡರಿನಲ್ಲಿ ಸೀಸವಿರಬಹುದಾದ್ದರಿಂದ ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಒಂದು ಎಚ್ಚರ: ಕೇಬಲ್ ತೆಗೆದ ಬೇಸಿನಲ್ಲಿ ಮನೆಯ ಕರೆಂಟು ಹರಿಯುವುದಿಲ್ಲ, ಹೆದರಬೇಕಾಗಿಲ್ಲ. ಆಂಪ್ಲಿಫೈಯರನ್ನು ಮಾತ್ರ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕಂಡೆನ್ಸರುಗಳಲ್ಲಿ ಅಪಾಯದಷ್ಟು ವಿದ್ಯುತ್ ಉಳಿದಿರಬಹುದು.

ನಿಮ್ಮ ಮಗನೋ ಮಗಳೋ ಹಳೆಯ ಬೇಸ್ ಕೊಳ್ಳುವೆನೆಂದರೆ, ಬೇಡವೆನ್ನುವ ಬದಲು ಜೊತೆಗೆ ಹೋಗಿ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡುವ ಕಣ್ಣೇ ಇದಕ್ಕೂ ಸಾಕು. ಹೊಳಪು ನೋಡಬೇಡಿ, ಕತ್ತು ನೋಡಿ. ದಪ್ಪ ತಂತಿಯನ್ನು ಮೊದಲನೆಯ ಪಟ್ಟಿಯಲ್ಲೂ ಕೊನೆಯ ಪಟ್ಟಿಯಲ್ಲೂ ಒಟ್ಟಿಗೆ ಒತ್ತಿದರೆ, ನಡುವೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಇದ್ದರೆ ಒಳ್ಳೆಯದು. ತೀರಾ ಹೆಚ್ಚಿದ್ದರೆ ಕತ್ತಿನೊಳಗಿನ ಉಕ್ಕಿನ ಸರಳನ್ನು ಬಿಗಿಮಾಡಿ ಸರಿಪಡಿಸಬಹುದು, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಆದರೆ ತಿರುಚಿಕೊಂಡ ಕತ್ತನ್ನು ಕೊಳ್ಳಬೇಡಿ. ಪ್ರತಿ ತಂತಿಯನ್ನೂ ಪ್ರತಿ ಪಟ್ಟಿಯಲ್ಲೂ ನುಡಿಸಿ ಕೇಳಿಸಿಕೊಳ್ಳಿ. ಎರಡು ತಂತಿ ಜೋರಾಗಿ, ಎರಡು ಕ್ಷೀಣವಾಗಿ ಕೇಳಿದರೆ ಪಿಕಪ್ಪನ್ನು ಶಂಕಿಸಿ. ಬೆಲ್ಟು ಹಾಕಿ ಹತ್ತು ನಿಮಿಷ ಹೆಗಲಿಗೆ ತೂಗುಹಾಕಿ ನಿಲ್ಲಲಿ. ನಾಲ್ಕು ಕಿಲೋ ಭಾರ ಎಂದರೇನೆಂದು ಆಗ ತಿಳಿಯುತ್ತದೆ. ಒಳಗೆ 9 ವೋಲ್ಟಿನ ಬ್ಯಾಟರಿ ಇರುವ ಬಗೆಯದಾದರೆ, ನುಡಿಸಿದ ಮೇಲೆ ಕೇಬಲ್ ಕಿತ್ತಿಡುವ ಅಭ್ಯಾಸ ಮಾಡಿಸಿ. ಸಿಕ್ಕಿಸಿಯೇ ಬಿಟ್ಟರೆ ಬ್ಯಾಟರಿ ಖಾಲಿಯಾಗುತ್ತದೆ. ಗುಂಡಿ, ಜಾಕು, ವೈರುಗಳ ದೋಷ ಕಂಡರೆ ಹೆದರಬೇಡಿ, ಬೆಲೆ ತಗ್ಗಿಸಿ ಕೇಳಿ. ಅವೆಲ್ಲ ಮನೆಯಲ್ಲೇ ಆಗುವ ಕೆಲಸ.

ನನ್ನ ತಂಗಿಯ ಮಗಳು ಬೇಸ್ ಮಾರಲಿಲ್ಲ. ಹಾಸ್ಟೆಲಿನಲ್ಲಿ ಈಗ ಗೆಳತಿಯರ ಹೆಡ್‌ಫೋನು, ಟೇಬಲ್ ಲ್ಯಾಂಪುಗಳೆಲ್ಲ ಅವಳ ಮೇಜಿಗೆ ಬರುತ್ತವಂತೆ. ಅವಳ ಅಮ್ಮ ಇದನ್ನು ದೂರಿನಂತೆ ಹೇಳಿದರೂ ದನಿಯಲ್ಲಿ ಹೆಮ್ಮೆಯಿತ್ತು.

ನನಗೆ ಮಾತ್ರ ಆ ಅಂಟುಪಟ್ಟಿಗಳೇ ನೆನಪಾಗುತ್ತಿರುತ್ತವೆ. ಮೇರಿ, ಗ್ಲೋರಿಯಾ ಎಂದು ಬರೆದದ್ದು ಹೊರಗೆ ಕಾಣಲೆಂದಲ್ಲ; ಅದರ ಮೇಲೆ ಮುಚ್ಚಳ ಹಾಕಿ ಸ್ಕ್ರೂ ಬಿಗಿದಿದ್ದರು. ವರ್ಷಗಳ ಮೇಲೆ ಎಲ್ಲೋ ಒಂದು ವೈರು ಬಿಟ್ಟಿತು, ಯಾರೋ ರಿಪೇರಿಗೆಂದು ಮುಚ್ಚಳ ತೆಗೆದರು, ಹೆಸರು ಕಂಡಿತು. ಬಿಚ್ಚುವವರೇ ಇಲ್ಲದಿದ್ದರೆ, ಆ ವಾದ್ಯ ಮಾಡಿದ್ದು ಫೆಂಡರ್ ಒಬ್ಬನೇ ಎಂದೇ ನಾವೆಲ್ಲ ತಿಳಿದಿರುತ್ತಿದ್ದೆವು.