ಹೆಬ್ಬೆಟ್ಟಿನ ಚರಿತ್ರೆ

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ‘ಹೆಬ್ಬೆಟ್ಟು’ ಎಂದರೆ ಅನಕ್ಷರಸ್ಥರನ್ನು ಹೀಯಾಳಿಸುವ ಮಾತಾಗಿತ್ತು. ಆದರೆ ಅದರ ಚರಿತ್ರೆ ಘನವಾದುದು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿ, ರಸ್ತೆಗೆ ಜಲ್ಲಿ ಒದಗಿಸುವ ರಾಜ್ಯಧರ ಕೊನಾಯಿಯಿಂದ ಕರಾರುಪತ್ರದ ಮೇಲೆ ಅಂಗೈಗುರುತು ಒತ್ತಿಸಿಕೊಂಡನು. 1897ರಲ್ಲಿ ಕಲಕತ್ತೆಯಲ್ಲಿ ಬೆರಳಗುರುತಿನ ಕಚೇರಿಯೇ ಸ್ಥಾಪನೆಯಾಯಿತು. ಗುರುತುಗಳ ವರ್ಗೀಕರಣಕ್ಕೆ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಶ್ರಮಿಸಿದರು.

2010ರಲ್ಲಿ ಆಧಾರ್ ಬಂದಿತು. ಇಂದು ಮಡಚುವ ಮೊಬೈಲಿನ ಪಕ್ಕದ ಗುಂಡಿಯೂ ಬೆರಳನ್ನೇ ಕೇಳುತ್ತದೆ. ಅದು ಓದುವುದು ಚರ್ಮದ ಏರುತಗ್ಗುಗಳನ್ನು. ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್ ಕಡೆಯುವವರ, ಹುನಗುಂದದ ಹೊಲಗಳಲ್ಲಿ ದುಡಿಯುವವರ ಬೆರಳಗೆರೆ ಸವೆದಿದ್ದರೆ ಯಂತ್ರ ಸುಮ್ಮನಿರುತ್ತದೆ. ಗುಂಡಿಯನ್ನು ಒರೆಸಿ, ಒಣಬೆರಳಿಗೆ ತುಸು ಎಣ್ಣೆ ಸವರಿ ಒರೆಸಿಕೊಳ್ಳಿ; ಆಗದಿದ್ದರೆ ಹಳೆಯ ಗುರುತನ್ನು ಅಳಿಸಿ, ಕಡಿಮೆ ಸವೆದ ಬೆರಳನ್ನು ಹೊಸದಾಗಿ ದಾಖಲಿಸಿ.

ಮೊಬೈಲಿಗಾದರೆ ಗುಪ್ತಸಂಖ್ಯೆಯಾದರೂ ಉಂಟು. ಪಡಿತರದ ಯಂತ್ರದ ಮುಂದೆ ನಿಂತವರ ಪಾಡೇನು? ಗುರುತು ಹೊಂದದ ಕಾರಣಕ್ಕೆ ಅರ್ಹರಿಗೆ ಸವಲತ್ತು ತಪ್ಪಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶಿಷ್ಯರೇ, ಕಚೇರಿಗಳಲ್ಲಿ ಕುಳಿತಿರುವ ನೀವು ಇದನ್ನು ಮರೆಯಬೇಡಿರಿ. ಸವೆದ ಬೆರಳು ದುಡಿಮೆಯ ಸಹಿ.