ನಡುಗುವ ಚಾಕು ನಡೆದು ಬಂದ ದಾರಿ

ಹಣ್ಣಾದ ಟೊಮೆಟೊ ಮೇಲೆ ಚಾಕು ಒತ್ತಿದರೆ ಸಿಪ್ಪೆ ಕುಸಿದು ರಸ ಚಿಮ್ಮುತ್ತದೆ. ಎಳೆದರೆ ನೀಟಾಗಿ ಸೀಳುತ್ತದೆ. ಈಳಿಗೆ ಮಣೆಯ ಮುಂದೆ ಕೂತು ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಿವಿಗೆ ಕೇಳದ ವೇಗದಲ್ಲಿ ನಡುಗುವ ಅಲ್ಟ್ರಾಸಾನಿಕ್ ಚಾಕು ಮಾಡುವುದೂ ಅಷ್ಟೇ: ಆ ಎಳೆತದ ಒಂದು ಪಾಲನ್ನು ಕೈಯಿಂದ ತೆಗೆದು ಅಲಗಿಗೆ ವಹಿಸುತ್ತದೆ.

ಇದರ ಮೂಲ ಅಡುಗೆಮನೆಯಲ್ಲಿಲ್ಲ. ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ ಹುಟ್ಟುತ್ತದೆಂದು ಕ್ಯೂರಿ ಸಹೋದರರಾದ ಜಾಕ್ ಮತ್ತು ಪಿಯರ್ 1880ರಲ್ಲಿ ಕಂಡುಕೊಂಡರು. ಅದೇ ಹರಳಿಗೆ ವಿದ್ಯುತ್ ಹರಿಸಿದರೆ ಅದು ಹಿಗ್ಗಿ ಕುಗ್ಗುತ್ತದೆ; ಅಲಗನ್ನು ನಡುಗಿಸುವುದು ಇದೇ. ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳ ಸುಳಿವು ಹಿಡಿಯಲು ಭೌತವಿಜ್ಞಾನಿ ಪಾಲ್ ಲಾಂಜೆವಿನ್ ಉಕ್ಕಿನ ಫಲಕಗಳ ನಡುವೆ ಸ್ಫಟಿಕ ಇಟ್ಟು ನೀರಿನಲ್ಲಿ ಶಬ್ದ ಹೊರಡಿಸಿದರು. ಇಂದು ಸ್ಫಟಿಕದ ಜಾಗದಲ್ಲಿ ಸೆರಾಮಿಕ್ ಬಿಲ್ಲೆಗಳಿವೆ, ಅವನ್ನು ಬೋಲ್ಟ್ ಬಿಗಿದು ಹಿಡಿದಿರುತ್ತದೆ. ಆದರೂ ಜೋಡಣೆಗೆ ಲಾಂಜೆವಿನ್ ಹೆಸರೇ ಉಳಿದಿದೆ.

ಸಮುದ್ರದಿಂದ ಈ ಕಂಪನತಂತ್ರ ಬಾಯಿಗೆ ಬಂತು. 1950ರ ದಶಕದಲ್ಲಿ ಹಲ್ಲಿನ ಪಾಚಿ ಕೆರೆಯುವ ಉಪಕರಣವಾಯಿತು. ನ್ಯೂಯಾರ್ಕಿನ ನೇತ್ರವೈದ್ಯ ಚಾರ್ಲ್ಸ್ ಕೆಲ್ಮನ್ ದಂತವೈದ್ಯರ ಕುರ್ಚಿಯಲ್ಲಿ ಕೂತಿದ್ದಾಗ ಅದನ್ನು ಕಂಡು, 1967ರಲ್ಲಿ ಕಣ್ಣಿನ ಪೊರೆ ಒಡೆದು ಹೀರುವ ವಿಧಾನ ರೂಪಿಸಿದರು. ಒಂದು ಕುರ್ಚಿಯಿಂದ ಇಷ್ಟು ಲಾಭವಾದ ಉದಾಹರಣೆ ಹೆಚ್ಚಿಲ್ಲ! 1990ರ ದಶಕದಲ್ಲಿ ಸೆಕೆಂಡಿಗೆ 55,500 ಸಲ ಕಂಪಿಸುವ ಶಸ್ತ್ರಗಳು ಆಪರೇಷನ್ ಥಿಯೇಟರ್ ಸೇರಿದವು. ಬೇಕರಿ ಕಾರ್ಖಾನೆಗಳಲ್ಲಿ ಹೀಗೇ ನಡುಗುವ ಟೈಟಾನಿಯಂ ಅಲಗು ಕೇಕು, ಚೀಸುಗಳನ್ನು ಮೆತ್ತಿಕೊಳ್ಳದಂತೆ ಕತ್ತರಿಸತೊಡಗಿತು.

ಕಂಪನ ಎಂದರೆ ಎಷ್ಟು? ಸೆಕೆಂಡಿಗೆ 30,000 ಸಲ, ಅತ್ತಿತ್ತ 10 ಮೈಕ್ರಾನ್ ಎಂದಿಟ್ಟುಕೊಳ್ಳಿ. ಕಣ್ಣಿಗೆ ಕಾಣದು, ಕಿವಿಗೂ ಕೇಳದು. ಆದರೂ ಅಲಗಿನ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 1.9 ಮೀಟರ್! ನಿಂತಲ್ಲೇ ನಿಂತು ಎಳೆಯುವ ಕೆಲಸ ಮಾಡುವುದು, ಪಲ್ಯದ ಚೂರು ಅಲಗಿಗೆ ಅಂಟದಂತೆ ಬಿಡಿಸುವುದು ಈ ವೇಗವೇ.

ಅಡುಗೆಮನೆಗೆ ಬರಲು ಇಷ್ಟು ಕಾಲ ಹಿಡಿದದ್ದೇಕೆ? ತೊಡಕು ಆಕಾರದ್ದು. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್. 40,000 ಕಂಪನಕ್ಕೆ ತರಂಗದ ಉದ್ದ 12.5 ಸೆಂ.ಮೀ. ಉದ್ದದ ಅಲಗಿನ ಮೇಲೆ ಕೆಲವೆಡೆ ಭರ್ಜರಿ ನಡುಕ, ಕೆಲವೆಡೆ ಏನೂ ಇಲ್ಲ. ತಂಬೂರಿ ಶ್ರುತಿ ಮಾಡುವಂತೆ ಅಲಗನ್ನೂ ಹದಗೊಳಿಸಬೇಕು, ಅದೂ ಹಿಡಿಯಷ್ಟು ಜಾಗದಲ್ಲಿ ಬ್ಯಾಟರಿ ತುಂಬಿಸಿ. 2025ರಲ್ಲಿ ಸಿಯಾಟಲ್ ಅಲ್ಟ್ರಾಸಾನಿಕ್ಸ್‌ನ ಸ್ಕಾಟ್ ಹೈಮೆಂಡಿಂಗರ್ 8 ಇಂಚಿನ ಸಿ-200 ಚಾಕು ಪ್ರಕಟಿಸಿದರು. ಆಗ ಅದರ ಬೆಲೆ 399 ಡಾಲರ್ ಇತ್ತು. ದಿನಕ್ಕೆ ಎರಡು ಈರುಳ್ಳಿ ಹೆಚ್ಚುವವರಿಗೆ ಇದು ದುಬಾರಿ ಆಟಿಕೆಯೇ. ಕೈಬಲ ಕುಂದಿದವರಿಗೆ ಹಾಗಲ್ಲ.

ಸಾಣೆಯಿಂದ ಮಾತ್ರ ಬಿಡುಗಡೆಯಿಲ್ಲ. ಮೊಂಡಾದ ಅಂಚು ನಡುಗಿದರೂ ಮೊಂಡೇ. ಚಾಕು ಆಫ್ ಮಾಡಿಯೇ ಕಲ್ಲಿಗೆ ಹಿಡಿಯಬೇಕು, ತೀರ ಸವೆಸಬಾರದು: ಲೋಹ ಕಡಿಮೆಯಾದಂತೆ ಶ್ರುತಿ ತಪ್ಪುತ್ತದೆ. ಅಂಚಿನ ಸಣ್ಣ ಮುಕ್ಕೂ ಕಂಪನಕ್ಕೆ ಸಿಕ್ಕಿ ಬಿರುಕಾಗಿ ಬೆಳೆಯಬಹುದು. ಆನ್ ಇದ್ದಾಗ ಪಿಂಗಾಣಿ ತಟ್ಟೆಗೆ ತಗುಲಿಸಬೇಡಿ, ಬೆರಳಿಟ್ಟು ಪರೀಕ್ಷಿಸಲೇಬೇಡಿ. ನೀರಲ್ಲಿ ನೆನೆಹಾಕದೆ ಕೈಯಲ್ಲೇ ತೊಳೆದು ಒರೆಸಿ. ಮೂಳೆಗೆ, ಫ್ರೀಜರಿನಲ್ಲಿ ಕಲ್ಲಾದ ಮಾಂಸಕ್ಕೆ ಹಳೆಯ ಮಚ್ಚೇ ಇರಲಿ.