ಡೀಸೆಲ್ ಇಂಧನದ ಗುಣಮಟ್ಟ

ಡೀಸೆಲ್ ಇಂಧನದ ಗುಣಮಟ್ಟ ಎಂದರೆ ಡೀಸೆಲ್ ಎಣ್ಣೆಯು ಎಂಜಿನ್‌ನಲ್ಲಿ ಸರಿಯಾಗಿ ಉರಿಯಲು, ಯಂತ್ರಭಾಗಗಳನ್ನು ಸವೆಸದಿರಲು ಮತ್ತು ಹೊಗೆಯಲ್ಲಿನ ಮಾಲಿನ್ಯವನ್ನು ಮಿತಿಯೊಳಗೆ ಇಡಲು ಹೊಂದಿರಬೇಕಾದ ಭೌತಿಕ ಹಾಗೂ ರಾಸಾಯನಿಕ ಗುಣಗಳು. ಸೀಟೇನ್ ಸಂಖ್ಯೆ, ಗಂಧಕದ ಪ್ರಮಾಣ, ಸ್ನಿಗ್ಧತೆ, ಜಾರುಗುಣ ಮತ್ತು ನೀರಿನ ಅಂಶ ಇವುಗಳಲ್ಲಿ ಮುಖ್ಯವಾದವು. ಭಾರತದಲ್ಲಿ ವಾಹನಗಳ ಡೀಸೆಲ್‌ಗೆ ಭಾರತೀಯ ಮಾನಕ ಬ್ಯೂರೊದ ಐಎಸ್ 1460 ಮಾನಕವು ಅನ್ವಯವಾಗುತ್ತದೆ. ಮಾಲಿನ್ಯ ನಿಯಂತ್ರಣ ಸಾಧನಗಳನ್ನು ಹೊಂದಿರುವ ಇಂದಿನ ವಾಹನಗಳು ಶುದ್ಧ ಇಂಧನ ದೊರೆತಾಗ ಮಾತ್ರ ಉದ್ದೇಶಿತ ರೀತಿಯಲ್ಲಿ ಕೆಲಸ ಮಾಡುತ್ತವೆ.

ದಹನ ಮತ್ತು ಸೀಟೇನ್ ಸಂಖ್ಯೆ

ಡೀಸೆಲ್ ಎಂಜಿನ್‌ನಲ್ಲಿ ಇಂಧನವನ್ನು ಹೊತ್ತಿಸಲು ಕಿಡಿಯ ಅಗತ್ಯವಿಲ್ಲ. ಒತ್ತಡದಿಂದ ಕಾದ ಗಾಳಿಗೆ ಇಂಧನವನ್ನು ಸಿಂಪಡಿಸಿದಾಗ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೀಗೆ ಬೇಗ ಹೊತ್ತಿಕೊಳ್ಳುವ ಗುಣವನ್ನು ಸೀಟೇನ್ ಸಂಖ್ಯೆಯಿಂದ ಅಳೆಯುತ್ತಾರೆ. ಈ ಮಾಪನದಲ್ಲಿ ಸೀಟೇನ್ ಎಂಬ ಹೈಡ್ರೋಕಾರ್ಬನ್‌ಗೆ 100 ಅಂಕ ನೀಡಲಾಗಿದೆ. ಬಿಎಸ್-6 ಡೀಸೆಲ್‌ನ ಸೀಟೇನ್ ಸಂಖ್ಯೆ ಕನಿಷ್ಠ 51 ಇರಬೇಕು.

ಸಂಖ್ಯೆ ಕಡಿಮೆಯಾದರೆ ಇಂಧನ ಹೊತ್ತಿಕೊಳ್ಳುವುದು ತಡವಾಗುತ್ತದೆ. ಅಷ್ಟರಲ್ಲಿ ಸಿಲಿಂಡರ್‌ನಲ್ಲಿ ಶೇಖರವಾದ ಇಂಧನವು ಒಮ್ಮೆಲೇ ಉರಿದು ಒತ್ತಡ ಥಟ್ಟನೆ ಏರುವುದರಿಂದ ಎಂಜಿನ್ ಬಡಿಯುವ ಸದ್ದು ಕೇಳಿಸುತ್ತದೆ. ಚಳಿಯಲ್ಲಿ ಎಂಜಿನ್ ಚಾಲೂ ಆಗಲು ಕಷ್ಟವಾಗುತ್ತದೆ ಮತ್ತು ಅರೆಬೆಂದ ಇಂಧನವು ಬಿಳಿ ಹೊಗೆಯಾಗಿ ಹೊರಬರುತ್ತದೆ.

ಗಂಧಕದ ಪರಿಣಾಮ

ಗಂಧಕವು ಕಚ್ಚಾ ತೈಲದಲ್ಲಿ ಸಹಜವಾಗಿಯೇ ಇರುತ್ತದೆ. ಅದು ಉರಿದಾಗ ಉಂಟಾಗುವ ಸಲ್ಫರ್ ಡೈಆಕ್ಸೈಡ್‌ನ ಒಂದು ಭಾಗ ನೀರಿನ ಆವಿಯೊಡನೆ ಸೇರಿ ಗಂಧಕಾಮ್ಲವಾಗುತ್ತದೆ. ಈ ಆಮ್ಲವು ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ ಉಂಗುರಗಳನ್ನೂ ಸವೆಸುತ್ತದೆ ಮತ್ತು ಎಂಜಿನ್ ಎಣ್ಣೆಯ ಆಮ್ಲನಿರೋಧಕ ಶಕ್ತಿಯನ್ನು ಕುಂದಿಸುತ್ತದೆ. ಹೊಗೆಯಲ್ಲಿ ಗಂಧಕವು ಸಲ್ಫೇಟ್ ಕಣಗಳ ರೂಪ ತಾಳಿ ಸೂಕ್ಷ್ಮಕಣಗಳ ಪ್ರಮಾಣವನ್ನು ಹೆಚ್ಚಿಸುತ್ತದೆ.

ಹೊಸ ವಾಹನಗಳಲ್ಲಿ ಹಾನಿ ಇನ್ನೂ ಗಂಭೀರವಾದುದು. ಇವುಗಳಲ್ಲಿ ಮಸಿಯನ್ನು ಹಿಡಿದಿಡುವ ಕಣಶೋಧಕ ಹಾಗೂ ಯೂರಿಯಾ ದ್ರಾವಣದ ನೆರವಿನಿಂದ ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸುವ ವೇಗವರ್ಧಕದಂತಹ ಸಾಧನಗಳಿರುತ್ತವೆ. ಗಂಧಕವು ವೇಗವರ್ಧಕದ ಮೇಲ್ಮೈಯನ್ನು ಆವರಿಸಿ ಅದರ ಕಾರ್ಯಶಕ್ತಿಯನ್ನು ಕುಗ್ಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಎಂಜಿನ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ ನಂತರ ಈ ಸಾಧನಗಳ ಮಹತ್ವ ಮತ್ತಷ್ಟು ಹೆಚ್ಚಿತು.

ಜಾರುಗುಣ ಮತ್ತು ಸ್ನಿಗ್ಧತೆ

ಇಂಧನ ಪಂಪು ಮತ್ತು ಇಂಜೆಕ್ಟರ್‌ಗಳ ಒಳಭಾಗಗಳಿಗೆ ಡೀಸೆಲ್ಲೇ ಕೀಲೆಣ್ಣೆಯಂತೆ ಕೆಲಸ ಮಾಡುತ್ತದೆ. ಸಂಸ್ಕರಣಾಗಾರದಲ್ಲಿ ಹೈಡ್ರೋಜನ್ ಬಳಸಿ ಗಂಧಕವನ್ನು ತೆಗೆಯುವಾಗ ಜಾರುಗುಣ ನೀಡುವ ಕೆಲವು ಸಂಯುಕ್ತಗಳೂ ನಾಶವಾಗುತ್ತವೆ. 1990ರ ದಶಕದ ಆರಂಭದಲ್ಲಿ ಸ್ವೀಡನ್ ದೇಶವು ಅತ್ಯಲ್ಪ ಗಂಧಕದ ಡೀಸೆಲ್ಲನ್ನು ಬಳಕೆಗೆ ತಂದಾಗ ಇಂಧನ ಪಂಪುಗಳು ಅಕಾಲದಲ್ಲಿ ಸವೆದು ಕೆಟ್ಟವು. ಈಗ ಜಾರುಗುಣ ಹೆಚ್ಚಿಸುವ ಪದಾರ್ಥಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿ ಈ ಕೊರತೆಯನ್ನು ತುಂಬಲಾಗುತ್ತದೆ. ಹೊಂಗೆಯಂತಹ ಎಣ್ಣೆಬೀಜಗಳಿಂದ ತಯಾರಿಸುವ ಜೈವಿಕ ಡೀಸೆಲ್ಲನ್ನು ಸ್ವಲ್ಪ ಸೇರಿಸಿದರೂ ಜಾರುಗುಣ ಸುಧಾರಿಸುತ್ತದೆ.

ಸ್ನಿಗ್ಧತೆ ಹೆಚ್ಚಾದರೆ ಇಂಧನವು ದಪ್ಪ ಹನಿಗಳಾಗಿ ಸಿಂಪಡಣೆಯಾಗಿ ಅಪೂರ್ಣವಾಗಿ ಉರಿದು ಮಸಿಯಾಗುತ್ತದೆ. ಅದು ತೀರಾ ಕಡಿಮೆಯಾದರೆ ಪಂಪಿನಲ್ಲಿ ಸೋರಿಕೆ ಮತ್ತು ಸವೆತ ಹೆಚ್ಚುತ್ತವೆ.

ನೀರು ಮತ್ತು ಕಲಬೆರಕೆ

ಟ್ಯಾಂಕಿನ ತಳದಲ್ಲಿ ಸೇರುವ ನೀರು ತುಕ್ಕಿಗೆ ಕಾರಣವಾಗುತ್ತದೆ. ನೀರು ಮತ್ತು ಡೀಸೆಲ್ ಸಂಧಿಸುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಂತಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬಿಎಸ್-6 ಮಾನದಂಡದಂತೆ ಪ್ರತಿ ಕಿಲೋಗ್ರಾಂ ಡೀಸೆಲ್‌ನಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ನೀರು ಇರಬಾರದು.

ಪಡಿತರ ಸೀಮೆಎಣ್ಣೆಯ ಬೆಲೆ ಕಡಿಮೆಯಿದ್ದುದರಿಂದ ಅದನ್ನು ಡೀಸೆಲ್‌ಗೆ ಬೆರೆಸುವುದು ಭಾರತದಲ್ಲಿ ಬಹುಕಾಲದ ಸಮಸ್ಯೆಯಾಗಿತ್ತು. ಇದನ್ನು ಪತ್ತೆಹಚ್ಚಲು ಪಡಿತರ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕಲಾಗುತ್ತದೆ. ಸೀಮೆಎಣ್ಣೆಯ ಸ್ನಿಗ್ಧತೆ ಮತ್ತು ಜಾರುಗುಣ ಎರಡೂ ಕಡಿಮೆ. ಗಂಧಕ ಹೆಚ್ಚಿರುವ ಎಣ್ಣೆಯ ಸಣ್ಣ ಪಾಲು ಕೂಡ ಇಂಧನವನ್ನು ಕೆಡಿಸಬಲ್ಲದು: 10 ಪಿಪಿಎಂ ಡೀಸೆಲ್‌ನ 99 ಭಾಗಕ್ಕೆ 2,000 ಪಿಪಿಎಂ ಗಂಧಕವಿರುವ ಎಣ್ಣೆಯ 1 ಭಾಗ ಬೆರೆತರೆ ಮಿಶ್ರಣದ ಗಂಧಕ ಸುಮಾರು 30 ಪಿಪಿಎಂಗೆ, ಅಂದರೆ ಮಿತಿಯ ಮೂರು ಪಟ್ಟಿಗೆ ಏರುತ್ತದೆ.

ಭಾರತದಲ್ಲಿ ಮಾನದಂಡಗಳ ಬೆಳವಣಿಗೆ

ಭಾರತದ ಡೀಸೆಲ್‌ನಲ್ಲಿ ಅನುಮತಿಸಲಾದ ಗಂಧಕದ ಗರಿಷ್ಠ ಪ್ರಮಾಣವು ಹಂತಹಂತವಾಗಿ ಇಳಿದಿದೆ:

• ಬಿಎಸ್-2: 500 ಪಿಪಿಎಂ
• ಬಿಎಸ್-3: 350 ಪಿಪಿಎಂ
• ಬಿಎಸ್-4: 50 ಪಿಪಿಎಂ
• ಬಿಎಸ್-6: 10 ಪಿಪಿಎಂ

2010ರಲ್ಲಿ ಬಿಎಸ್-4 ಇಂಧನವನ್ನು ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಮಾತ್ರ ಜಾರಿಗೆ ತರಲಾಯಿತು. ಉಳಿದೆಡೆ ಬಿಎಸ್-3 ಇಂಧನ ದೊರೆಯುತ್ತಿತ್ತು. ರಾಜ್ಯದಿಂದ ರಾಜ್ಯಕ್ಕೆ ಸಂಚರಿಸುವ ಲಾರಿಗಳು ದಾರಿಯಲ್ಲಿ ಸಿಕ್ಕ ಇಂಧನವನ್ನೇ ತುಂಬಿಸಿಕೊಳ್ಳಬೇಕಾಗಿದ್ದುದರಿಂದ ಅವುಗಳಲ್ಲಿ ಹೊಸ ಮಾಲಿನ್ಯ ನಿಯಂತ್ರಣ ಸಾಧನಗಳ ಬಳಕೆ ಕಷ್ಟವಾಯಿತು. 2017ರ ಏಪ್ರಿಲ್‌ನಲ್ಲಿ ಬಿಎಸ್-4 ದೇಶದಾದ್ಯಂತ ಜಾರಿಯಾಯಿತು. ಬಿಎಸ್-5 ಹಂತವನ್ನು ಬಿಟ್ಟು ನೇರವಾಗಿ ಬಿಎಸ್-6ಕ್ಕೆ ಸಾಗುವ ನಿರ್ಧಾರವನ್ನು ಕೇಂದ್ರ ಸರ್ಕಾರವು 2016ರಲ್ಲಿ ಪ್ರಕಟಿಸಿತು. ಬಿಎಸ್-6 ಇಂಧನ ದೆಹಲಿಯಲ್ಲಿ 2018ರ ಏಪ್ರಿಲ್ 1ರಿಂದಲೂ ಇಡೀ ದೇಶದಲ್ಲಿ 2020ರ ಏಪ್ರಿಲ್ 1ರಿಂದಲೂ ಮಾರಾಟಕ್ಕೆ ಬಂದಿತು. ಇದಕ್ಕಾಗಿ ಮಂಗಳೂರಿನ ಎಂಆರ್‌ಪಿಎಲ್ ಸೇರಿದಂತೆ ದೇಶದ ತೈಲ ಸಂಸ್ಕರಣಾಗಾರಗಳು ತಮ್ಮ ಘಟಕಗಳನ್ನು ಮೇಲ್ದರ್ಜೆಗೇರಿಸಿದವು.

ಬಿಎಸ್-4ರಿಂದ ಬಿಎಸ್-6ಕ್ಕೆ ಬಂದಾಗ ಡೀಸೆಲ್ ಕಾರುಗಳ ಸೂಕ್ಷ್ಮಕಣಗಳ ಮಿತಿ ಕಿಲೋಮೀಟರಿಗೆ 25 ಮಿಲಿಗ್ರಾಂನಿಂದ 4.5 ಮಿಲಿಗ್ರಾಂಗೂ ನೈಟ್ರೋಜನ್ ಆಕ್ಸೈಡ್‌ಗಳ ಮಿತಿ 250 ಮಿಲಿಗ್ರಾಂನಿಂದ 80 ಮಿಲಿಗ್ರಾಂಗೂ ಇಳಿಯಿತು. ಹಳೆಯ ವಾಹನಗಳಿಗೆ ಶುದ್ಧ ಇಂಧನ ತುಂಬಿಸಿದರೆ ಸಲ್ಫೇಟ್ ಕಣಗಳು ಕಡಿಮೆಯಾಗುತ್ತವೆ. ಆದರೆ ಮಸಿ ಮತ್ತು ನೈಟ್ರೋಜನ್ ಆಕ್ಸೈಡ್‌ಗಳನ್ನು ತಡೆಯುವ ಸಾಧನಗಳು ಅವುಗಳಲ್ಲಿ ಇಲ್ಲದ ಕಾರಣ ಇಂಧನದ ಬದಲಾವಣೆಯ ಪೂರ್ಣ ಪ್ರಯೋಜನ ಹೊಸ ವಾಹನಗಳಲ್ಲಿ ಮಾತ್ರ ದೊರೆಯುತ್ತದೆ.